ಲಕ್ವ ಹೊಡೆದ ಕೈಗೆ ಚೆಂಡು ಸಾಲದು, ಕೆಲಸ ಬೇಕು

ಪ್ರಶ್ನೆ: ನಮ್ಮ ತಾಯಿಗೆ 57 ವರ್ಷ. ಐದು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಈಗ ಎಡಗೈಯಲ್ಲಿ ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಾರೆ. ಮಾತು ಸ್ವಲ್ಪ ತಡವರಿಸುತ್ತದೆ. ಬಲಗೈಯನ್ನು ಎದೆಮಟ್ಟದವರೆಗೆ ಎತ್ತುತ್ತಾರೆ, ಬೆರಳು ಮಡಚುತ್ತಾರೆ, ಆದರೆ ಬಿಡಿಸುವುದು ಅರ್ಧಂಬರ್ಧ. ಭುಜ ನೋಯುತ್ತದೆ. ವಾರಕ್ಕೆ ಮೂರು ದಿನ ಫಿಸಿಯೋಥೆರಪಿಯವರು ಬಂದು ಅರ್ಧ ಗಂಟೆ ಕೈ ಎತ್ತಿಸಿ ಇಳಿಸಿ ಹೋಗುತ್ತಾರೆ. ಉಳಿದಂತೆ ಅಮ್ಮ ಮೆತ್ತನೆಯ ಚೆಂಡು ಹಿಸುಕುತ್ತಾರೆ, ಬಾಗಿಲ ಮೇಲೆ ಕಟ್ಟಿದ ರಾಟೆಯ ಹಗ್ಗ ಎಳೆಯುತ್ತಾರೆ. ಆರು ತಿಂಗಳು ದಾಟಿದರೆ ಇನ್ನೇನೂ ಬರುವುದಿಲ್ಲ ಎನ್ನುತ್ತಾರಲ್ಲ, ನಿಜವೇ? ಕೈಗೆ ತರಬೇತಿ ಕೊಡುವ ರೋಬೋಟ್ ಇರುವ ಕೇಂದ್ರಕ್ಕೆ ಸೇರಿಸಲು ಒಡವೆ ಅಡವಿಡುವ ಯೋಚನೆಯಲ್ಲಿದ್ದೇವೆ. ಎಲ್ಲಕ್ಕಿಂತ ಸಂಕಟದ್ದೆಂದರೆ, ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದೆಂದು ಅಮ್ಮ ಎಲ್ಲರ ಊಟ ಮುಗಿದ ಮೇಲೆ ಒಬ್ಬರೇ ಕೂತು ಉಣ್ಣುತ್ತಾರೆ.

ಉತ್ತರ: ಮೊದಲು ಆ ರಾಟೆಯನ್ನು ಬಿಚ್ಚಿಡಿ. ಉಳಿದದ್ದನ್ನು ಆಮೇಲೆ ಮಾತಾಡೋಣ.

ಲಕ್ವದ ನಂತರ ತೋಳಿನ ಮೂಳೆಯನ್ನು ಭುಜದ ಗುಳಿಯಲ್ಲಿ ಹಿಡಿದಿಡುವ ಸ್ನಾಯುಗಳು ಸಡಿಲವಾಗಿರುತ್ತವೆ. ಆರೋಗ್ಯವಂತರು ಕೈ ಎತ್ತುವಾಗ ಬೆನ್ನಿನ ಹೆಗಲೆಲುಬು ಜೊತೆಯಲ್ಲೇ ತಿರುಗುತ್ತದೆ, ತೋಳು ಹೊರಮುಖವಾಗಿ ಹೊರಳುತ್ತದೆ, ಹಾಗಾಗಿ ಮೇಲಿನ ಎಲುಬಿಗೆ ತಾಗದೆ ಕೈ ಮೇಲೇರುತ್ತದೆ. ರಾಟೆಯಲ್ಲಿ ಎಡಗೈ ಎಳೆದಷ್ಟೂ ಬಲಗೈ ಸುಮ್ಮನೆ ಮೇಲೇರುತ್ತದೆ. ಹೆಗಲೆಲುಬು ತಿರುಗುವುದಿಲ್ಲ, ನಡುವಿನ ಮೆತ್ತನೆಯ ಭಾಗ ಹಿಂಡಿಹೋಗುತ್ತದೆ. 1990ರಲ್ಲಿ ಪ್ರಕಟವಾದ 28 ರೋಗಿಗಳ ಒಂದು ಅಧ್ಯಯನದಲ್ಲಿ ರಾಟೆ ಬಳಸಿದವರ ಪೈಕಿ ಶೇ. 62 ಮಂದಿಗೆ ಭುಜದ ನೋವು ಬಂತು. ಥೆರಪಿಸ್ಟ್ ಕೈಹಿಡಿದು ಆಡಿಸಿದವರಲ್ಲಿ ಅದು ಶೇ. 8. ಅಧ್ಯಯನ ಚಿಕ್ಕದು, ಆದರೆ ರಾಟೆ ಬೇಡವೆನ್ನುವುದಕ್ಕೆ ಕಾರಣ ಗಟ್ಟಿಯಾಗಿದೆ.

ನೋಯುವ ಕೈಯನ್ನು ಯಾರೂ ಮನಸ್ಸಿಟ್ಟು ಬಳಸುವುದಿಲ್ಲ. ಆದ್ದರಿಂದ ಭುಜದ ಕೆಲಸವೇ ಮೊದಲು. ಕೂತಾಗ ಬಲಗೈ ತೊಡೆಯ ಪಕ್ಕ ಜೋತುಬೀಳದಂತೆ ದಿಂಬಿನ ಮೇಲೋ ಮೇಜಿನ ಮೇಲೋ ಇರಲಿ. ಮಲಗುವಾಗ ಎಡಮಗ್ಗುಲಾಗಿ ಮಲಗಿಸಿ, ಎದೆಯ ಮುಂದೆ ದಪ್ಪ ದಿಂಬಿಟ್ಟು ಅದರ ಮೇಲೆ ಬಲಗೈ ಇಡಿ. ಕುತ್ತಿಗೆಗೆ ಹಾಕುವ ಜೋಳಿಗೆಪಟ್ಟಿ ಓಡಾಡುವಾಗ ಮಾತ್ರ ಸಾಕು. ದಿನವಿಡೀ ಹಾಕಿದರೆ ಮೊಣಕೈ ಮಡಚಿಕೊಂಡೇ ಬಿಗಿಯುತ್ತದೆ, ಕೈ ಇದೆಯೆಂಬುದೇ ಮರೆತುಹೋಗುತ್ತದೆ. ಏಳಿಸುವಾಗ ಕಂಕುಳಿಗೆ ಕೈಹಾಕಿ ಎತ್ತಬೇಡಿ, ಬಲಗೈ ಹಿಡಿದು ಎಳೆಯಲೇಬೇಡಿ. ಸೊಂಟದ ಸುತ್ತ ಗಟ್ಟಿ ಬಟ್ಟೆಯ ಪಟ್ಟಿ ಕಟ್ಟಿ ಅದನ್ನು ಹಿಡಿಯಿರಿ. ರವಿಕೆ ಅಥವಾ ನೈಟಿ ತೊಡಿಸುವಾಗ ಬಲಗೈ ಮೊದಲು, ತೆಗೆಯುವಾಗ ಬಲಗೈ ಕೊನೆಗೆ. ಇದೊಂದನ್ನು ತಲೆಕೆಳಗು ಮಾಡಿದರೆ ದಿನಕ್ಕೆರಡು ಬಾರಿ ಭುಜ ಹಿಂದಕ್ಕೆ ತಿರುಚುತ್ತದೆ, ಮನೆಮಂದಿ ನೋವಿನ ಕಾರಣವನ್ನು ಬೇರೆಲ್ಲೋ ಹುಡುಕುತ್ತಿರುತ್ತಾರೆ. ಅಂಗೈ ಊದಿ, ಚರ್ಮ ಕೆಂಪಾಗಿ ಮಿರುಗುತ್ತ, ಬೆರಳು ಮುಟ್ಟಿದರೂ ಉರಿಯುತ್ತಿದ್ದರೆ ಅದು ಬೇರೆಯದೇ ತೊಂದರೆ. ಕಾಯದೆ ನರರೋಗ ತಜ್ಞರಿಗೆ ತೋರಿಸಿ.

ಇನ್ನು ಆರು ತಿಂಗಳ ಮಾತು. ಮೆದುಳು ತಾನಾಗಿ ಚೇತರಿಸಿಕೊಳ್ಳುವ ವೇಗ ಮೊದಲ ಮೂರು ತಿಂಗಳಲ್ಲಿ ಹೆಚ್ಚು, ಆಮೇಲೆ ಇಳಿಯುತ್ತದೆ ಎನ್ನುವುದು ನಿಜ. ಇಳಿಯುವುದು ಬೇರೆ, ನಿಲ್ಲುವುದು ಬೇರೆ. ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಕೈಗಾಗಿಯೇ 3 ವಾರಗಳಲ್ಲಿ 90 ಗಂಟೆ ತರಬೇತಿ ಕೊಡುವ ಕಾರ್ಯಕ್ರಮವಿದೆ. 2019ರಲ್ಲಿ ಅವರು ಪ್ರಕಟಿಸಿದ ಸುಮಾರು 220 ರೋಗಿಗಳ ಫಲಿತಾಂಶದಲ್ಲಿ, ಅರ್ಧದಷ್ಟು ಮಂದಿ ಲಕ್ವವಾಗಿ ಒಂದೂವರೆ ವರ್ಷ ಅಥವಾ ಹೆಚ್ಚು ಕಳೆದ ಮೇಲೆ ಬಂದವರು. ಅವರಲ್ಲೂ ಕೈ ಸುಧಾರಿಸಿತು, ಆರು ತಿಂಗಳ ನಂತರ ನೋಡಿದಾಗಲೂ ಆ ಲಾಭ ಉಳಿದಿತ್ತು. ಅಷ್ಟು ಗಂಟೆ ಎಲ್ಲರಿಗೂ ಸಿಗುವುದಿಲ್ಲ. ಆದರೆ ಕ್ಯಾಲೆಂಡರ್ ನೋಡಿ ಕೈಬಿಡಲು ಆಧಾರವಿಲ್ಲ.

ನಿಮ್ಮ ತಾಯಿಯವರ ಕೈಯಲ್ಲಿ ಎಷ್ಟು ಬಂಡವಾಳವಿದೆ ಎಂಬುದನ್ನು ನೀವೇ ಇವತ್ತೇ ನೋಡಬಹುದು. ಮುಂಗೈಯನ್ನು ಮೇಜಿನ ಮೇಲಿಟ್ಟು ಅಂಗೈ ಕೆಳಮುಖವಾಗಿ ಮೇಜಿನ ಅಂಚಿನಿಂದ ಹೊರಗೆ ಜೋತುಬೀಳಲಿ. ಮಣಿಕಟ್ಟನ್ನು ತಾವಾಗಿ ಸ್ವಲ್ಪ ಮೇಲೆತ್ತಬಲ್ಲರೇ? ಹೆಬ್ಬೆರಳು ಮತ್ತು ಇನ್ನೆರಡು ಬೆರಳು ತುಸುವಾದರೂ ಬಿಚ್ಚುತ್ತವೆಯೇ? ಸುಮಾರು 10 ಡಿಗ್ರಿ, ಅಂದರೆ ಗಡಿಯಾರದ ನಿಮಿಷದ ಮುಳ್ಳು ಎರಡು ನಿಮಿಷಕ್ಕೆ ಸರಿಯುವುದಕ್ಕಿಂತ ತುಸು ಕಡಿಮೆ. ಒಂದು ನಿಮಿಷದೊಳಗೆ ಮೂರು ಸಲ ಮಾಡಿದರೆ ಸಾಕು. ಇನ್ನೊಂದು ಪರೀಕ್ಷೆ: ಮೇಜಿನ ಮೇಲೆ ಒರೆಸುವ ಬಟ್ಟೆಯನ್ನು ಮುದುಡಿ ಹಾಕಿ. ಹೇಗಾದರೂ ಹಿಡಿದು ಎತ್ತಿ, ಬಿಡಬೇಕು. ಬಿಡುವುದೇ ಮುಖ್ಯ.

ಇಷ್ಟು ಬಂದರೆ ಅವರು ಬಲು ಮುಖ್ಯವಾದ ಒಂದು ಚಿಕಿತ್ಸೆಗೆ ಅರ್ಹರು. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೌಬ್ ಕೋತಿಗಳ ಮೇಲೆ ಪ್ರಯೋಗ ಮಾಡುತ್ತ ಒಂದು ಸಂಗತಿ ಕಂಡರು. ಒಂದು ಕೈಯ ಸ್ಪರ್ಶನರ ಕತ್ತರಿಸಿದರೆ ಕೋತಿ ಆ ಕೈಯನ್ನು ಬಿಟ್ಟೇಬಿಡುತ್ತದೆ, ಒಳ್ಳೆಯ ಕೈಯನ್ನು ಕಟ್ಟಿದರೆ ಅದೇ ಕೈಯಿಂದ ಕೆಲಸ ಮಾಡುತ್ತದೆ. ಕೈಯಲ್ಲಿ ಶಕ್ತಿಯಿತ್ತು, ಬಳಸುವ ಅಭ್ಯಾಸ ತಪ್ಪಿತ್ತು. ಲಕ್ವದ ಮೊದಲ ವಾರಗಳಲ್ಲಿ ಮನುಷ್ಯರಿಗೂ ಇದೇ ಆಗುತ್ತದೆ. ಬಲಗೈಯಿಂದ ಲೋಟ ಹಿಡಿಯಹೋಗಿ ಚೆಲ್ಲುತ್ತದೆ, ಎಡಗೈಯಲ್ಲಿ ಸಲೀಸಾಗಿ ಆಗುತ್ತದೆ, ಪಕ್ಕದಲ್ಲಿರುವ ಮಗಳು ಬಾಯಿಗೇ ಹಿಡಿಯುತ್ತಾಳೆ. ಬರಬರುತ್ತ ಮೆದುಳು ಬಲಗೈಯನ್ನು ಕರೆಯುವುದನ್ನೇ ನಿಲ್ಲಿಸುತ್ತದೆ. ಆಮೇಲೆ ಸ್ವಲ್ಪ ಶಕ್ತಿ ಮರಳಿದರೂ ಅದಕ್ಕೆ ಕರೆ ಬರುವುದಿಲ್ಲ. ಒಳ್ಳೆಯ ಕೈಗೆ ಚೀಲ ತೊಡಿಸಿ ದುರ್ಬಲ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆ ಹುಟ್ಟಿದ್ದು ಇದರಿಂದ. 2006ರಲ್ಲಿ ಪ್ರಕಟವಾದ ಎಕ್ಸೈಟ್ ಎಂಬ ಅಧ್ಯಯನ ಇದನ್ನು 222 ಮಂದಿಯಲ್ಲಿ ಪರೀಕ್ಷಿಸಿತು. ಎಲ್ಲರೂ ಲಕ್ವವಾಗಿ 3ರಿಂದ 9 ತಿಂಗಳಾದವರು, ಅಂದರೆ ನಿಮ್ಮ ತಾಯಿಯವರ ಹಂತದವರು. ಎರಡು ವಾರ ಎಚ್ಚರವಿರುವ ಹೊತ್ತಿನ ಶೇ. 90ರಷ್ಟು ಒಳ್ಳೆಯ ಕೈಗೆ ಕೈಗವಸು, ದಿನಕ್ಕೆ 6 ಗಂಟೆವರೆಗೆ ತರಬೇತಿ. ವರ್ಷದ ನಂತರ ಅಳೆದಾಗಲೂ ಕೈಯ ಬಳಕೆ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಹೆಚ್ಚಿತ್ತು.

ಮನೆಯಲ್ಲಿ ಆ ಪ್ರಮಾಣ ಆಗದು, ಬೇಕಾಗಿಯೂ ಇಲ್ಲ. ದಿನಕ್ಕೆ 2ರಿಂದ 3 ಗಂಟೆ ಎಡಗೈಗೆ ದಪ್ಪ ಕಾಲುಚೀಲವನ್ನೋ ಒಲೆಯ ಪಾತ್ರೆ ಇಳಿಸುವ ಕೈಗವಸನ್ನೋ ಹಾಕಿ. ಬೆರಳು ಕೆಲಸ ಮಾಡಬಾರದು, ಆದರೆ ಬೀಳುವಂತಾದರೆ ಕೈ ಊರಲು ಸಿಗಬೇಕು. ಆದ್ದರಿಂದ ಎಡಗೈಯನ್ನು ಮೈಗೆ ಕಟ್ಟಿಹಾಕಬೇಡಿ. ನಿಮ್ಮ ತಾಯಿಯವರು ಕೋಲು ಹಿಡಿಯುವುದೇ ಎಡಗೈಯಲ್ಲಿ. ಹಾಗಾಗಿ ಚೀಲ ಕೂತಿರುವಾಗ ಮಾತ್ರ. ಏಳುವ ಮೊದಲು ತೆಗೆಯಬೇಕು. ಸ್ನಾನ, ಮೆಟ್ಟಿಲು, ಬಿಸಿ ಪಾತ್ರೆ, ಈಳಿಗೆಮಣೆಯ ಹತ್ತಿರವಂತೂ ಚೀಲದ ಮಾತೇ ಬೇಡ. ಈ ಗಂಟೆಗಳಲ್ಲಿ ಬಲಗೈ ಏನೇನು ಮಾಡಬೇಕೆಂದು ಅಮ್ಮನನ್ನೇ ಕೇಳಿ ಒಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿ: ಟಿವಿ ರಿಮೋಟ್ ಒತ್ತುವುದು, ಮುಖ ಒರೆಸಿಕೊಳ್ಳುವುದು, ಕುಂಕುಮ ಇಟ್ಟುಕೊಳ್ಳುವುದು, ಡಬ್ಬಿ ಸರಿಸುವುದು.

ಚೆಂಡು ಯಾಕೆ ಸಾಲದು? ನಿಮ್ಮ ತಾಯಿಯವರಿಗೆ ಬೆರಳು ಮಡಚಲು ಬರುತ್ತದೆ, ಬಿಡಿಸಲು ಸರಿಯಾಗಿ ಬರುವುದಿಲ್ಲ. ಚೆಂಡು ಕಲಿಸುವುದು ಬಂದದ್ದನ್ನೇ. ಬಿಗಿತ ಇರುವ ಕೈಯಲ್ಲಿ ಮಡಚುವ ಸ್ನಾಯುಗಳು ಮೊದಲೇ ಜೋರಾಗಿರುತ್ತವೆ. ದಿನಕ್ಕೆ ಇನ್ನೂರು ಸಲ ಹಿಸುಕಿಸಿದರೂ ಲೋಟ ಹಿಡಿಯಲು ಕೈ ತೆರೆಯುವುದಿಲ್ಲ. ಬೇಕಾದದ್ದು ಬಿಡುವ ಅಭ್ಯಾಸ. ಮುಂಗೈಯನ್ನು ಮೇಜಿನ ಮೇಲಿಡಿ, ಮಣಿಕಟ್ಟಿನ ಕೆಳಗೆ ಸುತ್ತಿದ ಟವೆಲ್ ಇಡಿ. ಖಾಲಿ ಸ್ಟೀಲ್ ಲೋಟವನ್ನು ಅಂಗೈ ಹತ್ತಿರ ನಿಲ್ಲಿಸಿ. ತೆರೆ, ಹಿಡಿ, ಒಂದು ಗೇಣು ಸರಿಸು, ಬಿಡು. ಲೋಟ ಅಲುಗಾಡದೆ ಬಿಡುವುದು ಗುರಿ. ಮಣಿಕಟ್ಟನ್ನು ಕೆಳಗೆ ಬಾಗಿಸಿದರೆ ಬೆರಳು ತಾವಾಗಿ ಬಿಚ್ಚುತ್ತವೆ. ಇದು ಸ್ನಾಯುಹುರಿಗಳ ಉದ್ದದ ಲೆಕ್ಕ. ಉಗುರು ಕತ್ತರಿಸಲು, ಅಂಗೈ ತೊಳೆಯಲು ಈ ಉಪಾಯ ಬಳಸಿ. ಬೆರಳ ತುದಿ ಹಿಡಿದು ಎಳೆಯುವ ಬದಲು ಮಣಿಕಟ್ಟು ಬಾಗಿಸಿ, ಹೆಬ್ಬೆರಳನ್ನು ಬುಡದಿಂದ ಬಿಡಿಸಿ, ಉಳಿದವು ಹಿಂದೆ ಬರುತ್ತವೆ. ಅಭ್ಯಾಸದ ಹೊತ್ತಿನಲ್ಲಿ ಮಾತ್ರ ಈ ದಾರಿ ಹಿಡಿಯಲು ಬಿಡಬೇಡಿ. ಮಣಿಕಟ್ಟು ಬಾಗಿದ್ದರೆ ಮುಂದೆ ಹಿಡಿತಕ್ಕೆ ಬಲ ಬರುವುದಿಲ್ಲ.

ಲೋಟ ಸಲೀಸಾದ ಮೇಲೆ ನಮ್ಮಲ್ಲೇ ಇರುವ ಅತ್ಯುತ್ತಮ ಸಾಧನ ಅಳಗುಳಿ ಮಣೆ. 14 ಗುಳಿ, ಒಂದು ಹಿಡಿ ಹುಣಸೆ ಬೀಜ. ಗುಳಿಯಿಂದ ಬಾಚಿಕೊಳ್ಳುವುದು, ಅಂಗೈಯಲ್ಲಿ ಹಿಡಿದು ಒಂದೊಂದನ್ನೇ ಬಿಡುತ್ತ ಹೋಗುವುದು. ಬೆರಳ ಅಭ್ಯಾಸಕ್ಕೆಂದು ಮಾರುವ ಸಾವಿರಾರು ರೂಪಾಯಿಯ ಪೆಟ್ಟಿಗೆಗಳು ಮಾಡಿಸುವುದೂ ಇದನ್ನೇ. ಬೀಜ ಚಿಕ್ಕದೆನಿಸಿದರೆ ಗಜ್ಜುಗದಿಂದ ಶುರು ಮಾಡಿ. ಎದುರಿಗೆ ಮೊಮ್ಮಗು ಕೂತರೆ ಎಣಿಕೆಯ ಜವಾಬ್ದಾರಿ ಅದಕ್ಕೆ ಬಿಡಬಹುದು.

ಎಣಿಕೆಯ ಬಗ್ಗೆ ಎರಡು ಮಾತು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಲಕ್ವ ರೋಗಿಗಳ 312 ಥೆರಪಿ ಅವಧಿಗಳನ್ನು ಪಕ್ಕದಲ್ಲೇ ನಿಂತು ಎಣಿಸಿದರು. ಕೈಯ ಕೆಲಸದ ಅಭ್ಯಾಸ ನಡೆದ ಅವಧಿಗಳಲ್ಲಿ ಸರಾಸರಿ ಆದದ್ದು 32 ಸಲ. ಪ್ರಾಣಿಗಳ ಮೆದುಳಿನಲ್ಲಿ ಬದಲಾವಣೆ ಕಂಡದ್ದು ದಿನಕ್ಕೆ ನೂರಾರು ಸಲ ಮಾಡಿಸಿದಾಗ. ಹಾಗೆಂದು ಸಂಖ್ಯೆಯ ಬೆನ್ನುಹತ್ತಬೇಡಿ. 2016ರಲ್ಲಿ ಹಳೆಯ ಲಕ್ವ ರೋಗಿಗಳಿಗೆ ಒಟ್ಟು 3200, 6400, 9600 ಸಲ ಎಂದು ಗುಂಪು ಮಾಡಿ ನೋಡಿದಾಗ ಹೆಚ್ಚು ಮಾಡಿದವರಿಗೆ ಹೆಚ್ಚು ಲಾಭ ಎಂದೇನೂ ಆಗಲಿಲ್ಲ. ಹತ್ತು ಸಲದಲ್ಲಿ ಏಳೆಂಟು ಸಲ ಗೆಲ್ಲುವಷ್ಟು ಕಷ್ಟದ ಕೆಲಸವನ್ನು ಗಮನವಿಟ್ಟು ಮಾಡುವುದು, ಅದನ್ನು ಮನೆಗೆಲಸಕ್ಕೆ ಇಳಿಸುವುದು ಮುಖ್ಯ. ಹತ್ತಕ್ಕೆ ಹತ್ತೂ ಆದರೆ ಕಷ್ಟ ಹೆಚ್ಚಿಸಿ, ಐದಕ್ಕಿಂತ ಕಡಿಮೆಯಾದರೆ ಇಳಿಸಿ. 20 ನಿಮಿಷದ ಮೂರು ಪಾಳಿ, ಪಾಳಿಗೆ 50ರಿಂದ ಶುರು ಮಾಡಿ ನೂರಕ್ಕೆ ಏರಿಸಿ. ಲಕ್ವದ ನಂತರದ ದಣಿವು ಸೋಮಾರಿತನವಲ್ಲ. ಅದು ರೋಗದ ಭಾಗ. ಬೆಳಗಿನ ತಿಂಡಿಯಾದ ಮೇಲಿನ ಚುರುಕು ಹೊತ್ತನ್ನು ಕಷ್ಟದ ಕೆಲಸಕ್ಕೆ ಇಡಿ.

ಈಗ ಊಟಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನಿಜವಾದ ಪ್ರಶ್ನೆ ಅದೇ. ಕೈಯ ಚಲನೆ, ಕೆಲಸ ಅಳೆಯುವ ಅಂಕಪಟ್ಟಿಗಳಿವೆ. ಅಂಕ ಏರಿದರೂ ಬದುಕು ಹಾಗೆಯೇ ಇರುವವರಿದ್ದಾರೆ. ಅಂಕ ನಿಂತಲ್ಲೇ ನಿಂತರೂ ಬದುಕು ಹಗುರಾದವರಿದ್ದಾರೆ. ಅಮ್ಮನ ಬದುಕಿನ ಗುಣಮಟ್ಟ ಈಗ ಆ ಊಟದ ತಟ್ಟೆಯಲ್ಲಿದೆ. ಗುರಿಯೂ ಅದೇ ಆಗಲಿ.

ಅಭ್ಯಾಸಕ್ಕೆ ಅನ್ನಕ್ಕಿಂತ ಮುದ್ದೆ ವಾಸಿ. ಅನ್ನ ಉದುರುತ್ತದೆ, ಬೆರಳ ಸಂದಿಯಲ್ಲಿ ಜಾರುತ್ತದೆ. ಮುದ್ದೆ ಹಿಡಿದಲ್ಲಿ ನಿಲ್ಲುತ್ತದೆ. ಕುರ್ಚಿಯಲ್ಲಿ ಬೆನ್ನು ತಾಗಿಸಿ ಕೂರಿಸಿ, ಮೇಜು ಮಡಚಿದ ಮೊಣಕೈ ಮಟ್ಟಕ್ಕಿರಲಿ. ತಟ್ಟೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಎದೆಯ ಸುತ್ತ ಒಂದು ದುಪ್ಪಟ್ಟಾವನ್ನು ಕುರ್ಚಿಯ ಬೆನ್ನಿಗೆ ಸಡಿಲವಾಗಿ ಕಟ್ಟಿ. ಹಾಗೆ ಮಾಡದಿದ್ದರೆ ಕೈ ಚಾಚುವ ಬದಲು ಮೈಯೇ ಮುಂದೆ ಬಾಗುತ್ತದೆ, ಮೊಣಕೈ ನೆಟ್ಟಗಾಗುವುದನ್ನು ಕಲಿಯುವುದಿಲ್ಲ. ಭುಜ ಕಿವಿಯತ್ತ ಏರುತ್ತಿದೆಯೇ ನೋಡುತ್ತಿರಿ. ಏರಿದರೆ ತಟ್ಟೆ ಇನ್ನೂ ಹತ್ತಿರ ತನ್ನಿ. ಮೊದಲ ವಾರ ಬಿಸಿಯಾರಿದ ಮುದ್ದೆಯಿಂದ ಚೂರು ಮುರಿದು ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಉಂಡೆ ಮಾಡಿ ಪಕ್ಕದ ಬಟ್ಟಲಿಗೆ ಹಾಕುವುದಷ್ಟೇ. ಎರಡನೇ ವಾರ ಮೊಣಕೈಯನ್ನು ಮೇಜಿನ ಮೇಲೇ ಊರಿ, ಅಂಗೈಯನ್ನು ಮುಖದತ್ತ ಹೊರಳಿಸಿ, ಕೈ ಬಾಯಿಯವರೆಗೆ ಒಯ್ದು ಮರಳುವುದು. ಈ ಹೊರಳುವಿಕೆಯೇ ಹೆಚ್ಚಿನವರು ಸಿಕ್ಕಿಬೀಳುವ ಜಾಗ, ಇಲ್ಲಿ ಅವಸರ ಬೇಡ. ಆಮೇಲೆ ಮೊಣಕೈ ಎತ್ತಿ ತುತ್ತು. ಇಡೀ ಊಟಕ್ಕೆ ಹಟ ಹಿಡಿಯಬೇಡಿ. ಮೊದಲ ಐದು ತುತ್ತು ಬಲಗೈಯಿಂದ, ಉಳಿದದ್ದು ಎಡಗೈಯಲ್ಲಿ ಚಮಚೆಯಿಂದ. ಒಂದು ಎಚ್ಚರಿಕೆ: ನೀರು ಕುಡಿಯುವಾಗ ಕೆಮ್ಮು, ಊಟದ ನಂತರ ಗಂಟಲು ಗೊರಗೊರ ಎನ್ನುವುದು ಇದ್ದರೆ ನುಂಗುವುದನ್ನು ಪರೀಕ್ಷೆ ಮಾಡಿಸುವ ತನಕ ಮುದ್ದೆ ಬಾಯಿಗೆ ಬೇಡ, ಬಟ್ಟಲಿಗೆ ಹಾಕುವ ಅಭ್ಯಾಸ ಮಾತ್ರ ಸಾಕು.

ಕೈ ಬರುವವರೆಗೆ ಅಮ್ಮ ಒಂಟಿಯಾಗಿ ಉಣ್ಣಬೇಕಿಲ್ಲ. ನಾಳೆಯೇ ಮನೆಯವರೆಲ್ಲ ಅವರ ಜೊತೆ ಕೂತು ಉಣ್ಣಿ, ಒಂದಿಬ್ಬರು ಚಮಚೆಯಲ್ಲೇ ಉಣ್ಣಿ. ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದ ಚಮಚೆ, ಅಂಚು ಎತ್ತರವಿರುವ ತಟ್ಟೆ ಸಾಕು. ಎಡಗೈ ಊಟದ ಬಗ್ಗೆ ನೆಂಟರು ಏನಾದರೂ ಅಂದರೆ ಉತ್ತರ ನೀವು ಕೊಡಬೇಕು, ಅಮ್ಮ ಅಲ್ಲ. ಜೊತೆಗೆ ಇನ್ನೊಂದನ್ನು ಗಮನಿಸಿ: ಲಕ್ವವಾದ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ನಿದ್ದೆ ಕೆಟ್ಟಿದೆಯೇ, ಇಷ್ಟದ ಧಾರಾವಾಹಿಯೂ ಬೇಡವಾಗಿದೆಯೇ, ಸುಮ್ಮನೆ ಕಣ್ಣೀರು ಬರುತ್ತದೆಯೇ? ಎರಡು ವಾರ ಹೀಗಿದ್ದರೆ ವೈದ್ಯರಿಗೆ ಹೇಳಿ. ಅದಕ್ಕೆ ಒಳ್ಳೆಯ ಔಷಧಿಯಿದೆ. ಆದರೆ ಕೈ ಬರಲೆಂದು ಮಾತ್ರ ಫ್ಲುಯೋಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ನುಂಗುವುದರಲ್ಲಿ ಅರ್ಥವಿಲ್ಲ. 2018ರ ಫೋಕಸ್ ಅಧ್ಯಯನದಲ್ಲಿ 3127 ರೋಗಿಗಳಲ್ಲಿ ನೋಡಿದಾಗ ದೈನಂದಿನ ಸಾಮರ್ಥ್ಯ ಹೆಚ್ಚಲಿಲ್ಲ, ಮೂಳೆ ಮುರಿತ ಹೆಚ್ಚಿತು.

ರೋಬೋಟಿಗಾಗಿ ಒಡವೆ ಅಡವಿಡಬೇಡಿ. ಬ್ರಿಟನ್ನಿನಲ್ಲಿ 770 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ರ್‍ಯಾಟಲ್ಸ್ ಅಧ್ಯಯನದಲ್ಲಿ ವಾರಕ್ಕೆ 3 ದಿನ, 12 ವಾರ ರೋಬೋಟ್ ತರಬೇತಿ ಕೊಟ್ಟರು. ಕೈಯಿಂದ ಕೆಲಸ ಮಾಡುವ ಸಾಮರ್ಥ್ಯ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಮೇಲಾಗಲಿಲ್ಲ. ಅದೇ ಹಣದಲ್ಲಿ ವಾರಕ್ಕೊಮ್ಮೆ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ತಜ್ಞರು) ಒಬ್ಬರು ಬಂದು ಕೆಲಸದ ಕಷ್ಟ ಏರಿಸುತ್ತ ಹೋಗುವಂತೆ ಮಾಡಿ. ಮನೆಯವರೇ ಎಲ್ಲವನ್ನೂ ಹೊತ್ತುಕೊಳ್ಳುವುದೂ ಬೇಡ. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳ ಮನೆಯವರಿಗೆ ತರಬೇತಿ ಕೊಟ್ಟು ಅಥವಾ ಕೊಡದೆ ಹೋಲಿಸಿದ ಅಟೆಂಡ್ ಅಧ್ಯಯನದಲ್ಲಿ (2017) ಆರು ತಿಂಗಳಲ್ಲಿ ಸಾವು ಮತ್ತು ಪರಾವಲಂಬನೆಯ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಪ್ರೀತಿಯಿಂದ ಮಾಡಿದ್ದೆಲ್ಲ ವ್ಯರ್ಥ ಎಂದು ಇದರ ಅರ್ಥವಲ್ಲ. ನುರಿತವರ ಕಣ್ಣಿನ ಜಾಗವನ್ನು ಮನೆಯವರು ತುಂಬಲಾಗದು ಎಂದಷ್ಟೇ.

ಈಗ ಬರುತ್ತಿರುವ ಫಿಸಿಯೋಥೆರಪಿಯವರನ್ನು ಬಿಡಬೇಡಿ. ಅವರು ಕೈ ಆಡಿಸುವುದರಿಂದ ಕೀಲು ಬಿಗಿಯದೆ ಉಳಿದಿದೆ. 10 ನಿಮಿಷ ಅದಕ್ಕಿರಲಿ, ಉಳಿದ 20 ನಿಮಿಷ ಅಮ್ಮ ತಾವೇ ಮಾಡುವ ಕೆಲಸವನ್ನು ತಿದ್ದಲು ಕೇಳಿಕೊಳ್ಳಿ. ಬಿಗಿತ ಬಹಳವಿದ್ದು ಬೆರಳು ಬಿಡಿಸಲಾಗದಿದ್ದರೆ ಬೊಟುಲಿನಮ್ ಚುಚ್ಚುಮದ್ದು ಸುಮಾರು ಮೂರು ತಿಂಗಳು ಸಡಿಲ ಕೊಡುತ್ತದೆ. ಆ ಮೂರು ತಿಂಗಳು ಅಭ್ಯಾಸ ಮಾಡದಿದ್ದರೆ ದುಡ್ಡು ದಂಡ. ಕೈ ನೆಟ್ಟಗಿರಲೆಂದು ರಾತ್ರಿ ಕಟ್ಟುವ ಗಟ್ಟಿಪಟ್ಟಿಯಿಂದ (ಸ್ಪ್ಲಿಂಟ್) ಬಿಗಿತ ತಪ್ಪುತ್ತದೆ ಎಂಬುದು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಎಣ್ಣೆ ನೀವಿದರೆ ಹಿತವಾಗುತ್ತದೆ, ನೀವಿರಿ. ಕಾವು ಕೊಡುವ ಮೊದಲು ಮಾತ್ರ ಎಡಗೈಗೆ ತಾಗಿಸಿ ನೋಡಿ, ಸ್ಪರ್ಶ ಕುಂದಿದ ಬಲಗೈ ಸುಟ್ಟರೂ ಹೇಳುವುದಿಲ್ಲ. ಬಿಪಿ ಮಾತ್ರೆ, ರಕ್ತ ಹೆಪ್ಪುಗಟ್ಟದ ಮಾತ್ರೆಗಳನ್ನು ನಾಟಿ ಔಷಧಿಗಾಗಿ ಒಂದು ದಿನವೂ ಬಿಡಿಸಬೇಡಿ.

ಬೆರಳು ತೆರೆಯುವ ಪರೀಕ್ಷೆಯಲ್ಲಿ ಕೈ ಅಲುಗದೇ ಹೋದರೆ ಕನ್ನಡಿಯಿಂದ ಶುರು ಮಾಡಿ. ಒಂದೂವರೆ ಅಡಿಯ ಕನ್ನಡಿಯನ್ನು ಎದೆಯ ನಡುವಿಗೆ ನೇರವಾಗಿ ನಿಲ್ಲಿಸಿ, ಬಲಗೈ ಅದರ ಹಿಂದೆ ಇರಲಿ. ಬಳೆ, ಉಂಗುರ ಎರಡೂ ಕೈಯಿಂದ ತೆಗೆಯಿರಿ, ಇಲ್ಲದಿದ್ದರೆ ಕನ್ನಡಿಯ ಕೈ ತನ್ನದೆನಿಸುವುದಿಲ್ಲ. ಎಡಗೈ ನಿಧಾನವಾಗಿ ತೆರೆದು ಮುಚ್ಚಲಿ, ಬಲಗೈಯೂ ಹಾಗೇ ಮಾಡಲು ಯತ್ನಿಸಲಿ. ದಿನಕ್ಕೆ 30 ನಿಮಿಷ, ನಾಲ್ಕು ವಾರ. ತಲೆ ಸುತ್ತಿದರೆ ನಿಲ್ಲಿಸಿ. ಮಾತು ತಡವರಿಸುವುದರಿಂದ ಯಾವ ಅಭ್ಯಾಸವನ್ನೂ ಬಾಯಲ್ಲಿ ವಿವರಿಸುವ ಬದಲು ಎದುರಿಗೆ ಮಾಡಿ ತೋರಿಸಿ.

ಅಂಗವಿಕಲತೆ ಶೇ. 40 ಅಥವಾ ಹೆಚ್ಚೆಂದು ಪ್ರಮಾಣಪತ್ರ ಸಿಕ್ಕರೆ ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಮೂಲಕ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅರ್ಜಿ ಹಾಕಲು ನೆರವಾಗುತ್ತಾರೆ.

ಇವತ್ತು ಅಮ್ಮ ಲೋಟ ಹಿಡಿದು ಬಿಡುವುದನ್ನು ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೋ ಮಾಡಿಡಿ. ಊಟದ ವಿಷಯದಲ್ಲಿ ಎಷ್ಟು ಸಮಾಧಾನವಿದೆ ಎಂದು ಹತ್ತಕ್ಕೆ ಒಂದು ಅಂಕ ಅವರಿಂದಲೇ ಹಾಕಿಸಿ, ಮಾತು ಕಷ್ಟವಾದರೆ ಬೆರಳು ತೋರಿಸಲಿ. ಎರಡು ವಾರಕ್ಕೊಮ್ಮೆ ಅದೇ ಲೋಟ, ಅದೇ ಮೇಜು, ಅದೇ ಕೋನ, ಅದೇ ಪ್ರಶ್ನೆ. ಆರು ವಾರ ಕಳೆದರೂ ವಿಡಿಯೋ, ಅಂಕ ಎರಡೂ ಕದಲದಿದ್ದರೆ ಆ ವಿಡಿಯೋಗಳನ್ನೇ ಹಿಡಿದು ನಿಮ್ಹಾನ್ಸ್‌ನಂಥ ದೊಡ್ಡ ಆಸ್ಪತ್ರೆಯ ನರಪುನರ್ವಸತಿ ವಿಭಾಗಕ್ಕೆ ಹೋಗಿ. ಬರೀ ಸ್ಕ್ಯಾನ್ ಒಯ್ದರೆ ಅವರಿಗೆ ಮೆದುಳು ಕಾಣುತ್ತದೆ, ವಿಡಿಯೋದಲ್ಲಿ ಅಮ್ಮನ ಕೈ ಎಲ್ಲಿ ಸಿಕ್ಕಿಬಿದ್ದಿದೆ ಎನ್ನುವುದು ಕಾಣುತ್ತದೆ.